ಕಿಡ್ನಿ ಕೈಕೊಟ್ಟಾಗ: ಯಾವ ದಾರಿ ಯಾರ ಕೈಗೆ ಎಟುಕುತ್ತದೆ?

ನಮ್ಮ ಅತ್ತಿಗೆಯ ಎಡ ಮುಂಗೈ ಮೇಲೆ ಬೆರಳಿಟ್ಟರೆ ಒಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಆಗುತ್ತದೆ. ಅದು ಫಿಸ್ಟುಲಾ. ಡಯಾಲಿಸಿಸ್‌ಗೆ ಅಂತ ಕೈಯ ಎರಡು ರಕ್ತನಾಳಗಳನ್ನು ಜೋಡಿಸಿ ಮಾಡಿದ್ದು. ಬೆಳಿಗ್ಗೆ ಎದ್ದ ಕೂಡಲೇ ಅವರು ಮೊದಲು ಮುಟ್ಟಿ ನೋಡುವುದು ಅದನ್ನೇ. ಗುರುಗುಟ್ಟುತ್ತಿದ್ದರೆ ಸರಿ. ನಿಂತುಹೋಗಿದ್ದರೆ ಆಗಿಂದಾಗಲೇ ಆಸ್ಪತ್ರೆಗೆ ಓಡಬೇಕು.

ಅದಕ್ಕೂ ಮೊದಲು ಮೂರು ತಿಂಗಳು ಅವರ ಕುತ್ತಿಗೆಯಲ್ಲಿ ಪ್ಲಾಸ್ಟಿಕ್ ಕ್ಯಾತಿಟರ್, ಅಂದರೆ ರಕ್ತ ತೆಗೆಯುವ ನಳಿಕೆ, ಇತ್ತು. ಎರಡು ಸಲ ಅದಕ್ಕೆ ಸೋಂಕು ತಗುಲಿ ಮೈ ನಡುಗುವಂಥ ಚಳಿಜ್ವರ ಬಂತು. ಕಿಡ್ನಿ ಕೆಟ್ಟಿದೆ ಅಂತ ಗೊತ್ತಾದದ್ದೇ ತೀರಾ ತಡವಾಗಿ. ಕಾಲು ಊದಿ, ಉಸಿರು ಕಟ್ಟಿ ಬಂದವರನ್ನು ನೇರ ಯಂತ್ರಕ್ಕೆ ಹಾಕಿದರು. ಬೇರೆ ದಾರಿಗಳೂ ಇವೆ ಅಂತ ಆವತ್ತು ಯಾರೂ ಹೇಳಲಿಲ್ಲ.

ಡಯಾಲಿಸಿಸ್, ಕಸಿ (ಬೇರೆಯವರ ಕಿಡ್ನಿ ಜೋಡಿಸುವುದು) ಇವುಗಳ ಹೋಲಿಕೆಯ ಪಟ್ಟಿಗಳು ಬೇಕಾದಷ್ಟಿವೆ. ಯಾವುದರಲ್ಲಿ ಆಯಸ್ಸು ಜಾಸ್ತಿ, ಯಾವುದರಲ್ಲಿ ತೊಂದರೆ ಕಮ್ಮಿ ಅಂತ ಬರೆದಿರುತ್ತಾರೆ. ಅದೆಲ್ಲ ಸರಿಯೇ. ಆದರೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಬೇರೆ ಒಂದು ಪ್ರಶ್ನೆ: ಈ ಚಿಕಿತ್ಸೆ ರೋಗಿಯ ಹತ್ತಿರ ಏನೇನು ಇದೆ ಅಂದುಕೊಂಡಿದೆ? ಹತ್ತಿರದಲ್ಲಿ ಆಸ್ಪತ್ರೆ ಇದೆ ಅಂದುಕೊಂಡಿದೆಯಾ? ಮನೆಯಲ್ಲಿ ಒಂದು ಸ್ವಚ್ಛ ಮೂಲೆ ಇದೆ ಅಂತಲಾ? ಕಿಡ್ನಿ ಕೊಡುವವರು ಇದ್ದಾರೆ ಅಂತಲಾ? ಎಲ್ಲರಿಗೂ ಒಂದೇ ಔಷಧ ಇದ್ದರೂ ಎಲ್ಲರ ಗತಿ ಒಂದೇ ಆಗದಿರುವುದು ಇಲ್ಲಿಯೇ. ಹಾಗಾಗಿ ಈ ಬರಹದಲ್ಲಿ ಒಂದೊಂದು ದಾರಿಯನ್ನೂ ಅದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಲೆಕ್ಕ ಇದೆ. 2010ರಲ್ಲಿ ಜಗತ್ತಿನಲ್ಲಿ ಸುಮಾರು 26 ಲಕ್ಷ ಜನ ಡಯಾಲಿಸಿಸ್ ಅಥವಾ ಕಸಿಯಿಂದ ಬದುಕಿದ್ದರು. ಅದೇ ವರ್ಷ ಕಡಿಮೆ ಅಂದರೂ 22 ಲಕ್ಷಕ್ಕೂ ಹೆಚ್ಚು ಜನ ಅದು ಸಿಗದೆ ಸತ್ತಿರಬಹುದು ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಚಿಕಿತ್ಸೆ ಸಿಕ್ಕವರೂ ಸಿಗದವರೂ ಹತ್ತಿರ ಹತ್ತಿರ ಸಮ.

ಇದು ಇಂದಿನ ಕಥೆಯೂ ಅಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಟೆಫ್ಲಾನ್ ನಳಿಕೆಯನ್ನು ಕೈಯಲ್ಲೇ ಉಳಿಸುವ ಉಪಾಯ ಕಂಡುಹಿಡಿದರು. ಅಲ್ಲಿಯವರೆಗೆ ಪ್ರತಿ ಸಲ ಹೊಸದಾಗಿ ರಕ್ತನಾಳ ಕೊಯ್ಯಬೇಕಿತ್ತು, ನಾಳಗಳೇ ಮುಗಿದುಹೋಗುತ್ತಿದ್ದವು. ಈ ಉಪಾಯದಿಂದ ಡಯಾಲಿಸಿಸ್ ಮೇಲೆ ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು. ಯಂತ್ರಗಳು ಮಾತ್ರ ಬೆರಳೆಣಿಕೆಯಷ್ಟು. ಯಾರಿಗೆ ಕೊಡುವುದು ಅಂತ ತೀರ್ಮಾನಿಸಲು ಊರಿನ ಏಳು ಜನರ ಸಮಿತಿ ಕೂತಿತು. ಅವರು ರೋಗಿಗಳ ಆದಾಯ ನೋಡಿದರು, ಮದುವೆ ಮಕ್ಕಳು ನೋಡಿದರು, ಚರ್ಚಿಗೆ ಹೋಗುತ್ತಾರಾ ಅಂತಲೂ ನೋಡಿದರು. ಇದು ಪತ್ರಿಕೆಯಲ್ಲಿ ಬಂದಾಗ ಜನ ಬೆಚ್ಚಿದರು. ಈಗ ಅಂಥ ಸಮಿತಿ ಹೆಚ್ಚಿನ ಕಡೆ ಕೂರುವುದಿಲ್ಲ. ದೂರ, ದುಡ್ಡು, ತಡವಾದ ತಪಾಸಣೆ ಇವೇ ಸದ್ದಿಲ್ಲದೆ ಆ ಕೆಲಸ ಮಾಡಿಕೊಂಡು ಹೋಗುತ್ತಿವೆ.

ಆಯ್ಕೆಗೂ ಮೊದಲು: ಆ ಒಂದು ನಂಬರ್

ಅತ್ತಿಗೆಯ ಹಳೆಯ ರಿಪೋರ್ಟುಗಳನ್ನು ಆಮೇಲೆ ತೆಗೆದು ನೋಡಿದೆ. ಎಷ್ಟೋ ವರ್ಷದಿಂದ ಕ್ರಿಯಾಟಿನಿನ್ ಪರೀಕ್ಷೆ ಆಗಿತ್ತು. ಪ್ರತಿ ಸಲವೂ ‘ನಾರ್ಮಲ್‌ಗಿಂತ ಸ್ವಲ್ಪ ಮೇಲೆ’ ಅಂತ ಬಿಟ್ಟಿದ್ದರು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಅದು ಹುಟ್ಟುವುದು ಮಾಂಸಖಂಡದಿಂದ. ಸಣಕಲು ಮೈಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಅದು ಮೊದಲೇ ಕಮ್ಮಿ. ಹಾಗಾಗಿ ಕಿಡ್ನಿ ಅರ್ಧ ಕೆಟ್ಟರೂ ನಂಬರ್ ಜೋರಾಗಿ ಏರುವುದಿಲ್ಲ. ಕ್ರಿಯಾಟಿನಿನ್ 1.2 ಅನ್ನೋಣ. ಅದರಿಂದ ವಯಸ್ಸು, ಲಿಂಗ ನೋಡಿ ಇಜಿಎಫ್‌ಆರ್ ಲೆಕ್ಕ ಹಾಕುತ್ತಾರೆ, ಅಂದರೆ ಕಿಡ್ನಿ ಎಷ್ಟು ಶೋಧಿಸುತ್ತಿದೆ ಅನ್ನುವ ಅಂದಾಜು. 25 ವರ್ಷದ ಗಂಡಸಿಗೆ ಅದು ಇಜಿಎಫ್‌ಆರ್ ಸುಮಾರು 86, ಅಂದರೆ ಚಿಂತೆ ಇಲ್ಲ. 70 ವರ್ಷದ ಹೆಂಗಸಿಗೆ ಅದೇ 1.2 ಅಂದರೆ ಇಜಿಎಫ್‌ಆರ್ 49ರ ಆಸುಪಾಸು. ಕಿಡ್ನಿಯ ಶಕ್ತಿ ಆಗಲೇ ಸಾಕಷ್ಟು ಇಳಿದಿದೆ. ರಿಪೋರ್ಟಿನಲ್ಲಿ ಬರೀ ಕ್ರಿಯಾಟಿನಿನ್ ಇದ್ದರೆ ಇಜಿಎಫ್‌ಆರ್ ಎಷ್ಟು ಅಂತ ಕೇಳಿ. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯಾ ಅನ್ನುವ ಪರೀಕ್ಷೆಯೂ ಆಗಬೇಕು. ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು ಇವೆರಡನ್ನೂ ವರ್ಷಕ್ಕೊಮ್ಮೆ ಮಾಡಿಸಲೇಬೇಕು.

ಲೆಕ್ಕದ ಸೂತ್ರವೂ ಮನುಷ್ಯರ ನಡುವೆ ಭೇದ ಮಾಡಬಲ್ಲದು. ಅಮೆರಿಕದಲ್ಲಿ ಎಷ್ಟೋ ವರ್ಷ ಇಜಿಎಫ್‌ಆರ್ ಸೂತ್ರದಲ್ಲಿ ಕಪ್ಪು ಜನಾಂಗದವರ ಫಲಿತಾಂಶವನ್ನು ಹೆಚ್ಚಿಸಿ ತೋರಿಸುತ್ತಿದ್ದರು. 2009ರ ಸೂತ್ರದಲ್ಲಿ ಆ ಹೆಚ್ಚಳ ಸುಮಾರು ನೂರಕ್ಕೆ 16. ಅಲ್ಲಿ ಕಸಿಯ ಸರದಿಗೆ ಲೆಕ್ಕ ಶುರುವಾಗಲು ಇಜಿಎಫ್‌ಆರ್ 20 ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಒಬ್ಬ ಬಿಳಿಯನಿಗೆ 18 ಬಂದರೆ ಸರದಿ ಶುರು. ಅದೇ ವಯಸ್ಸಿನ, ಅದೇ ರಕ್ತದ ಫಲಿತಾಂಶದ ಕಪ್ಪು ಮನುಷ್ಯನಿಗೆ ಅದು 21ರ ಹತ್ತಿರ ಆಗುತ್ತದೆ. ಅವನು ಇನ್ನೂ ಕಾಯಬೇಕು. 2021ರಲ್ಲಿ ಜನಾಂಗದ ಲೆಕ್ಕ ಇಲ್ಲದ ಹೊಸ ಸೂತ್ರ ಬಂತು. 2023ರಿಂದ ಆಸ್ಪತ್ರೆಗಳು ಹಳೆಯ ಕಡತ ತೆಗೆದು, ಹೀಗೆ ಕಳೆದುಕೊಂಡ ಕಾಲವನ್ನು ಅಂಥ ರೋಗಿಗಳ ಸರದಿಗೆ ಮರಳಿ ಸೇರಿಸಬೇಕಾಯಿತು. ಒಂದು ಗುಣಾಕಾರ, ಅಷ್ಟೇ ನೋಡಿ.

ಯಂತ್ರದ ಡಯಾಲಿಸಿಸ್

ಎಲ್ಲರಿಗೂ ಗೊತ್ತಿರುವುದು ಇದು. ರಕ್ತವನ್ನು ಹೊರಗೆ ತಂದು, ಶೋಧಿಸಿ, ವಾಪಸ್ ಕಳಿಸುತ್ತಾರೆ. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ನಾಲ್ಕು ಗಂಟೆ. ವಾರಕ್ಕೆ 168 ಗಂಟೆ ಕೆಲಸ ಮಾಡುತ್ತಿದ್ದ ಕಿಡ್ನಿಯ ಬದಲಿಗೆ ನಮಗೆ ಸಿಗುವುದು 12 ಗಂಟೆ. ಹಾಗಾಗಿ ನಡುವೆ ನೀರು ಕುಡಿಯುವುದಕ್ಕೂ ಲೆಕ್ಕ, ಪೊಟ್ಯಾಶಿಯಂಗೂ ಲೆಕ್ಕ. ಎರಡು ದಿನದ ಬಿಡುವು ಬಂದಾಗ ಅಪಾಯ ಹೆಚ್ಚುತ್ತದೆ ಎಂದು 2011ರ ಒಂದು ದೊಡ್ಡ ಅಧ್ಯಯನ ತೋರಿಸಿತು.

ಇದರ ಒಳ್ಳೆಯ ಗುಣ ಅಂದರೆ ಕೆಲಸ ಎಲ್ಲ ನರ್ಸ್ ಮತ್ತು ಟೆಕ್ನಿಶಿಯನ್‌ಗಳದ್ದು. ನೀವು ಹೋಗಿ ಕೈ ಚಾಚಿದರೆ ಸಾಕು. ಏನಾದರೂ ಏರುಪೇರಾದರೆ ಪಕ್ಕದಲ್ಲೇ ಜನ ಇರುತ್ತಾರೆ. ಒಬ್ಬರೇ ಇರುವ ವಯಸ್ಸಾದವರಿಗೆ, ಕಣ್ಣು ಮಂಜಾದವರಿಗೆ ಇದೊಂದು ನೆಮ್ಮದಿ.

ಇದು ನಿಮ್ಮ ಹತ್ತಿರ ಇದೆ ಅಂದುಕೊಂಡಿರುವುದು ಸಮಯ ಮತ್ತು ದಾರಿ. ಆಸ್ಪತ್ರೆ ಎರಡು ಗಂಟೆ ದೂರ ಇದ್ದರೆ ಹೋಗಿ ಬರಲು ನಾಲ್ಕು ಗಂಟೆ. ಆಗ ಯಂತ್ರದ ಮೇಲಿನ 12 ಗಂಟೆಗೆ ದಾರಿಯ 12 ಗಂಟೆ ಸೇರುತ್ತದೆ. ದಿನಗೂಲಿಯವರಿಗೆ ವಾರದ ಮೂರು ದಿನ ಹೋಯಿತು. ಜೊತೆಗೆ ಬರುವವರದ್ದೂ ಹೋಯಿತು. ಚಿಕಿತ್ಸೆ ಉಚಿತ ಅಂದರೂ ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಮೂರು ಸಲದ ಬದಲು ಎರಡು ಸಲ ಹೋಗುವವರು ಹುಟ್ಟುವುದು ಹೀಗೆಯೇ.

ಇಲ್ಲಿ ಒಂದು ಮಾತು. ‘ನಿಮಗೆ ವಾರಕ್ಕೆ ಎರಡು ಸಾಕು’ ಅಂತ ಹೇಳಿದರೆ ಯಾಕೆ ಅಂತ ಕೇಳಿ. ಇನ್ನೂ ಚೆನ್ನಾಗಿ ಮೂತ್ರ ಬರುತ್ತಿದೆ, ಅಳೆದು ನೋಡಿದ್ದೇವೆ ಅಂದರೆ ಅದು ಸರಿಯಾದ ಕಾರಣ. ಕೆಲವರಿಗೆ ಶುರುವಿನಲ್ಲಿ ಅಷ್ಟೇ ಸಾಕಾಗುತ್ತದೆ. ಕುರ್ಚಿ ಖಾಲಿ ಇಲ್ಲ ಅನ್ನುವುದು ಬೇರೆ ಕಾರಣ. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ, ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನು ರಕ್ತ ತೆಗೆಯುವ ದಾರಿ. ಫಿಸ್ಟುಲಾದಲ್ಲಿ ಸೋಂಕು ತೀರಾ ಕಮ್ಮಿ, ಕ್ಯಾತಿಟರ್‌ನಲ್ಲಿ ಜಾಸ್ತಿ. ಆದರೆ ಫಿಸ್ಟುಲಾ ಹಣ್ಣಾಗಿ ಬಳಕೆಗೆ ಬರಲು ಆರು ವಾರದಿಂದ ಮೂರು ತಿಂಗಳು ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಮೊದಲೇ ಗೊತ್ತಾದವರು ಫಿಸ್ಟುಲಾದಿಂದ ಶುರು ಮಾಡುತ್ತಾರೆ. ತಡವಾದವರು ಕ್ಯಾತಿಟರ್‌ನಿಂದ. ಇಜಿಎಫ್‌ಆರ್ ಇಳಿಯುತ್ತಿದೆ ಅಂತ ಗೊತ್ತಾದ ದಿನದಿಂದಲೇ ಕಡಿಮೆ ಬಳಸುವ ಕೈಯನ್ನು ಕಾಪಾಡಿ. ಅದರಲ್ಲಿ ರಕ್ತ ತೆಗೆಯಲು, ಡ್ರಿಪ್ ಹಾಕಲು ಬಿಡಬೇಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮಗೆ ಯಾರಾದರೂ ಹೇಳಿದ್ದರೆ ಅತ್ತಿಗೆಯ ಬಲಗೈಯ ರಕ್ತನಾಳಗಳಾದರೂ ಉಳಿಯುತ್ತಿದ್ದವು.

ಹೊಟ್ಟೆಯ ಡಯಾಲಿಸಿಸ್

ಪೆರಿಟೋನಿಯಲ್ ಡಯಾಲಿಸಿಸ್ ಅಂತ ಹೆಸರು. ಹೊಟ್ಟೆಯ ಒಳಗಿನ ತೆಳ್ಳನೆಯ ಪೊರೆಯೇ ಇಲ್ಲಿ ಜರಡಿ. ಹೊಕ್ಕುಳ ಪಕ್ಕದಲ್ಲಿ ಒಂದು ಮೆತ್ತನೆಯ ನಳಿಕೆ ಕೂರಿಸಿರುತ್ತಾರೆ. ಅದರಿಂದ ಎರಡು ಲೀಟರ್ ದ್ರವ ಒಳಗೆ ಬಿಟ್ಟು, ಕೆಲವು ಗಂಟೆ ಇರಿಸಿ, ಹೊರಗೆ ಬಿಡುವುದು. ದಿನಕ್ಕೆ ನಾಲ್ಕು ಸಲ, ಒಂದೊಂದಕ್ಕೆ ಅರ್ಧ ಗಂಟೆ. ಇಲ್ಲವೇ ರಾತ್ರಿ ಮಲಗಿದಾಗ ಒಂದು ಸಣ್ಣ ಯಂತ್ರ ಎಲ್ಲ ಮಾಡಿ ಮುಗಿಸುತ್ತದೆ. ಸೂಜಿ ಇಲ್ಲ. ವಾರಕ್ಕೆ ಮೂರು ಸಲ ಓಡಾಟವಿಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆ ಸಾಕು. ದಿನಾ ನಡೆಯುವುದರಿಂದ ಮೈಯಲ್ಲಿ ನೀರು ಏರಿಳಿಯುವುದು ಕಮ್ಮಿ. ಉಳಿದ ಚೂರುಪಾರು ಕಿಡ್ನಿ ಶಕ್ತಿಯೂ ಹೆಚ್ಚು ದಿನ ಉಳಿಯುತ್ತದೆ. ಒಟ್ಟಾರೆ ಆಯಸ್ಸಿನ ಲೆಕ್ಕದಲ್ಲಿ ಯಂತ್ರಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ.

ಹಾಗಾದರೆ ದೂರದಲ್ಲಿರುವವರಿಗೆ ಇದೇ ಸರಿ, ಅಲ್ವಾ? ಹೌದು, ಆದರೆ ಇದಕ್ಕೂ ಅದರದೇ ಬೇಡಿಕೆಗಳಿವೆ. ದಿನಕ್ಕೆ ಎಂಟು ಲೀಟರ್ ಅಂದರೆ ತಿಂಗಳಿಗೆ 240 ಲೀಟರ್ ದ್ರವ. ಆ ಪೆಟ್ಟಿಗೆಗಳನ್ನು ಮನೆಯವರೆಗೆ ಯಾರಾದರೂ ತಂದು ಕೊಡಬೇಕು. ಇಡಲು ಜಾಗ ಬೇಕು. ಚೀಲ ಬದಲಿಸುವಾಗ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಸೋಪು ಹಚ್ಚಿ ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಕೂರಬೇಕು. ಸ್ವಲ್ಪ ಮೈಮರೆತರೆ ಪೆರಿಟೋನೈಟಿಸ್, ಅಂದರೆ ಹೊಟ್ಟೆಯೊಳಗೆ ಸೋಂಕು. ಅದನ್ನು ಹಿಡಿಯಲು ಒಂದು ಸುಲಭ ಉಪಾಯ ಇದೆ. ಹೊರಗೆ ಬಂದ ದ್ರವದ ಚೀಲವನ್ನು ಅಚ್ಚಾದ ಹಾಳೆಯ ಮೇಲೆ ಇಡಿ. ಅಕ್ಷರ ಓದಲು ಬಂದರೆ ಸರಿ. ಮಂಜಾಗಿ ಕಂಡರೆ ಆ ಚೀಲವನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ, ನಾಳೆ ನೋಡೋಣ ಅನ್ನಬೇಡಿ. ದ್ರವದಲ್ಲಿ ಸಕ್ಕರೆ ಇರುವುದರಿಂದ ತೂಕ ಏರಬಹುದು, ಸಕ್ಕರೆ ಕಾಯಿಲೆಯವರು ಔಷಧ ಹೊಂದಿಸಿಕೊಳ್ಳಬೇಕು. ವರ್ಷಗಳು ಕಳೆದಂತೆ ಪೊರೆಯೂ ಸವೆಯುತ್ತದೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ‘ಇವರಿಗೆ ಓದು ಬರಹ ಬರುವುದಿಲ್ಲ’, ‘ಮನೆ ಚಿಕ್ಕದು’ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ, ಈ ದಾರಿಯ ಹೆಸರೇ ಎತ್ತದವರು ಇದ್ದಾರೆ. ಕಲಿಯಲು ಬೇಕಾದದ್ದು ಒಂದೆರಡು ವಾರದ ತರಬೇತಿ. ಅಕ್ಷರಕ್ಕಿಂತ ಮುಖ್ಯ ಶಿಸ್ತು. ಯಂತ್ರಗಳಿಗೆ ದುಡ್ಡು ಹಾಕಿದವರಿಗೆ ಕುರ್ಚಿ ತುಂಬಿರಬೇಕು ಅನ್ನುವುದೂ ಒಂದು ಕಾರಣ ಇರಬಹುದು, ಸುಮ್ನೆ ಹೇಳಿದೆ.

ಇದು ಆಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ನೀತಿಯ ವಿಷಯ. ಹಾಂಗ್‌ಕಾಂಗ್ 1985ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ಇದನ್ನೇ ಕೊಡುತ್ತ ಬಂದಿದೆ. ಅಲ್ಲಿನ ಮನೆಗಳು ದೊಡ್ಡವೇನಲ್ಲ. ಥಾಯ್ಲೆಂಡ್ 2008ರಲ್ಲಿ ಇದೇ ದಾರಿ ಹಿಡಿಯಿತು. ಯಂತ್ರಗಳಿಲ್ಲದ ಹಳ್ಳಿಗಳಿಗೂ ಚಿಕಿತ್ಸೆ ತಲುಪಿತು. ಆದರೆ ರೋಗಿಗೆ ಬೇಡವೆಂದರೂ ಇದೇ ಗತಿ ಅನ್ನುವ ದೂರೂ ಎದ್ದಿತು, 2022ರಲ್ಲಿ ಆಯ್ಕೆಯನ್ನು ರೋಗಿಗೇ ಬಿಟ್ಟರು.

ಮನೆಯಲ್ಲೇ ರಕ್ತದ ಡಯಾಲಿಸಿಸ್ ಮಾಡಿಕೊಳ್ಳುವುದೂ ಉಂಟು. ಒಂದು ಸಲಕ್ಕೆ ಸಾಮಾನ್ಯವಾಗಿ ನೂರು ಲೀಟರಿಗೂ ಮಿಕ್ಕಿ ಶುದ್ಧ ನೀರು, ಕೈಕೊಡದ ಕರೆಂಟು, ತರಬೇತಾದ ಜೊತೆಗಾರ ಬೇಕು. ಇದ್ದವರಿಗೆ ಚೆನ್ನ.

ಕಸಿ

ಸರಿಹೊಂದುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಸೋದರರ ನಡುವೆ ಮೊದಲ ಯಶಸ್ವಿ ಕಸಿ ಮಾಡಿದರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಬದುಕಿರುವ ದಾನಿಯ ಕಿಡ್ನಿ ಸರಾಸರಿ 15ರಿಂದ 20 ವರ್ಷ ನಡೆಯುತ್ತದೆ. ಮೃತ ದಾನಿಯದ್ದು ಅದಕ್ಕಿಂತ ಸ್ವಲ್ಪ ಕಮ್ಮಿ. ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಆದರೆ ಇನ್ನೂ ಒಳ್ಳೆಯದು. ಆದರೆ ಆ ಅದೃಷ್ಟ ಸಿಗುವುದು ಕಾಯಿಲೆ ಬೇಗ ಗೊತ್ತಾದವರಿಗೆ, ದಾರಿ ತೋರಿಸುವವರು ಇದ್ದವರಿಗೆ.

ಹೆಂಗಸರ ವಿಷಯ ಇಲ್ಲಿ ಬೇರೆಯಾಗಿ ಹೇಳಬೇಕು. ಬಹಳಷ್ಟು ದೇಶಗಳಲ್ಲಿ ಬದುಕಿದ್ದಾಗಲೇ ಕಿಡ್ನಿ ಕೊಡುವವರಲ್ಲಿ ಹೆಂಗಸರು ಜಾಸ್ತಿ, ಪಡೆಯುವವರಲ್ಲಿ ಕಮ್ಮಿ. ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ. ಅವಳಿಗೇ ಬೇಕಾದಾಗ ‘ಅವನು ದುಡಿಯುವವನು, ಅವನ ಕಿಡ್ನಿ ಹೇಗೆ ತೆಗೆಯುವುದು’ ಅನ್ನುವ ಮಾತು ಬರುತ್ತದೆ. ಇದು ಮನೆಯವರ ಮನಸ್ಸಿನ ಮಾತಾದರೆ, ಮೈಯ ಮಾತೂ ಒಂದಿದೆ. ಬಸಿರಾದಾಗ ಹೆಂಗಸಿನ ಮೈ ಮಗುವಿನಲ್ಲಿರುವ ಗಂಡನ ಕಡೆಯ ಗುರುತುಗಳ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಬೆಳೆಸಿಕೊಳ್ಳಬಹುದು. ಆಮೇಲೆ ಗಂಡನ ಕಿಡ್ನಿಯೇ ಅವಳಿಗೆ ಒಗ್ಗದೆ ಹೋಗುತ್ತದೆ. ನಮ್ಮಣ್ಣ ಕೊಡಲು ತಯಾರಾಗಿದ್ದ, ರಕ್ತದ ಗುಂಪೂ ಕೂಡಿತ್ತು. ದಾನಿಯ ವಿರುದ್ಧ ಪ್ರತಿಕಾಯ ಇದೆಯಾ ಅಂತ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಎರಡು ಹೆರಿಗೆ, ಜೊತೆಗೆ ಮೊದಲ ವಾರಗಳಲ್ಲಿ ಹಾಕಿದ್ದ ಎರಡು ಬಾಟಲ್ ರಕ್ತ. ರಕ್ತ ಪಡೆದಾಗಲೂ ಇಂಥ ಪ್ರತಿಕಾಯ ಹುಟ್ಟುತ್ತದೆ. ಕಸಿಯ ಆಸೆ ಇರುವವರು ರಕ್ತ ಹಾಕುವ ಮೊದಲು ‘ಬೇರೆ ದಾರಿ ಇದೆಯಾ, ರಕ್ತ ಹೆಚ್ಚಿಸುವ ಎರಿಥ್ರೋಪಾಯಿಟಿನ್ ಇಂಜೆಕ್ಷನ್ ಸಾಕಾ’ ಅಂತ ಕೇಳಲೇಬೇಕು.

ಹೊಂದದ ಜೋಡಿಗಳಿಗೆ ಅದಲು ಬದಲಿನ ದಾರಿ ಇದೆ. ನಿಮ್ಮ ದಾನಿ ಇನ್ನೊಬ್ಬರಿಗೆ, ಅವರ ದಾನಿ ನಿಮಗೆ. ಅತ್ತಿಗೆ ಈಗ ಕಾಯುತ್ತಿರುವುದು ಅದಕ್ಕೆ. ದುಡ್ಡು ಕೊಟ್ಟು ಕಿಡ್ನಿ ತರುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಅಲ್ಲಿ ಬಡವನ ಮೈ ಸರಕಾಗುತ್ತದೆ, ಪಡೆದವರಿಗೂ ಸೋಂಕು ತೊಡಕು ಜಾಸ್ತಿ. ಇದರ ವಿರುದ್ಧ 2008ರಲ್ಲಿ ಇಸ್ತಾಂಬುಲ್ ಘೋಷಣೆ ಎಂಬ ಅಂತರರಾಷ್ಟ್ರೀಯ ಘೋಷಣೆಯೇ ಆಗಿದೆ.

ಕಸಿ ನಿಮ್ಮ ಹತ್ತಿರ ಇದೆ ಅಂದುಕೊಂಡಿರುವುದು ದಾನಿಯನ್ನು ಮಾತ್ರ ಅಲ್ಲ, ಔಷಧವನ್ನೂ. ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳನ್ನು ಆ ಕಿಡ್ನಿ ಇರುವವರೆಗೆ ಹೊತ್ತಿಗೆ ಸರಿಯಾಗಿ ನುಂಗಬೇಕು. ಬಿಟ್ಟರೆ ಮೈ ಹೊಸ ಕಿಡ್ನಿಯನ್ನು ಹೊರಗಿನದು ಅಂತ ಹೊಡೆದು ಹಾಕುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ಒಂದು ವಿಚಿತ್ರ ಇತ್ತು. ಡಯಾಲಿಸಿಸ್ ಎಷ್ಟು ವರ್ಷ ಬೇಕಾದರೂ ಸಿಗುತ್ತಿತ್ತು. ಕಸಿ ಆದ 65ಕ್ಕಿಂತ ಕಿರಿಯರಿಗೆ, ಬೇರೆ ಅಂಗವೈಕಲ್ಯ ಇಲ್ಲದಿದ್ದರೆ, ಔಷಧದ ನೆರವು 36 ತಿಂಗಳಿಗೆ ನಿಲ್ಲುತ್ತಿತ್ತು. ಮಾತ್ರೆ ಕೊಳ್ಳಲಾಗದೆ ಕಿಡ್ನಿ ಕಳೆದುಕೊಂಡರೆ ಮತ್ತೆ ಡಯಾಲಿಸಿಸ್‌ಗೆ ಅದೇ ಸರ್ಕಾರ ದುಡ್ಡು ಕೊಡುತ್ತಿತ್ತು! 2020ರಲ್ಲಿ ಕಾನೂನು ತಿದ್ದಿದರು, 2023ರಿಂದ ಔಷಧಕ್ಕೆ ನೆರವು ಸಿಗುತ್ತಿದೆ. ನೀವು ಎಲ್ಲೇ ಇರಿ, ಆಪರೇಷನ್ನಿನ ಖರ್ಚು ಯಾರು ಕೊಡುತ್ತಾರೆ ಅನ್ನುವುದಕ್ಕಿಂತ ನಾಲ್ಕನೇ ವರ್ಷದ ಮಾತ್ರೆ ಯಾರು ಕೊಡುತ್ತಾರೆ ಅನ್ನುವುದನ್ನು ಮೊದಲು ಕೇಳಿ.

ಡಯಾಲಿಸಿಸ್ ಬೇಡ ಅನ್ನುವ ದಾರಿ

ಇದೂ ಒಂದು ಆಯ್ಕೆ. 80ರ ಹತ್ತಿರದವರಿಗೆ, ಹೃದಯದ ಕಾಯಿಲೆ ಜೋರಾಗಿ ಇರುವವರಿಗೆ ಡಯಾಲಿಸಿಸ್‌ನಿಂದ ಆಯಸ್ಸು ಹೆಚ್ಚೇನೂ ಬೆಳೆಯದೆ ಇರಬಹುದು. ಉಳಿದ ದಿನ ಆಸ್ಪತ್ರೆಯಲ್ಲೇ ಕಳೆಯುತ್ತದೆ. ತುರಿಕೆ, ವಾಕರಿಕೆ, ಉಸಿರಾಟ, ನೋವು ಇವನ್ನು ಔಷಧದಿಂದ ಹಿಡಿತದಲ್ಲಿಟ್ಟು ಮನೆಯಲ್ಲಿ ನೆಮ್ಮದಿಯಾಗಿರುವುದನ್ನು ಕೆಲವರು ಆರಿಸಿಕೊಳ್ಳುತ್ತಾರೆ. ಆದರೆ ದುಡ್ಡಿಲ್ಲ ಅಂತ ಮನೆಗೆ ಕಳಿಸಿ, ನೋವಿಗೆ ಔಷಧವನ್ನೂ ಕೊಡದೆ, ಅದಕ್ಕೆ ಇದೇ ಹೆಸರಿಡುವುದುಂಟು. ಎಲ್ಲ ದಾರಿಯೂ ತೆರೆದಿದ್ದು, ತಿಳಿದು, ಬೇಡ ಅಂದರೆ ಮಾತ್ರ ಅದು ಆಯ್ಕೆ.

ನನ್ನ ಲೆಕ್ಕ

ಒಗ್ಗುವ ದಾನಿ ಇದ್ದು ಔಷಧದ ದಾರಿ ಖಚಿತವಾಗಿದ್ದರೆ ಕಸಿ, ಎರಡನೇ ಮಾತಿಲ್ಲ. ಆಸ್ಪತ್ರೆ ದೂರ, ಕೆಲಸ ಬಿಡಲಾಗದು, ಕೈ ಕಣ್ಣು ಚೆನ್ನಾಗಿವೆ, ದ್ರವ ಮನೆಗೆ ಬರುತ್ತದೆ ಅಂದರೆ ಹೊಟ್ಟೆಯ ಡಯಾಲಿಸಿಸ್. ಹೊಟ್ಟೆಯಲ್ಲಿ ದೊಡ್ಡ ಆಪರೇಷನ್ ಆಗಿದ್ದರೆ, ಮನೆಯಲ್ಲಿ ನೆರವಿಗೆ ಯಾರೂ ಇಲ್ಲದಿದ್ದರೆ, ಆಸ್ಪತ್ರೆ ಹತ್ತಿರ ಇದ್ದರೆ ಯಂತ್ರ. ಒಂದರಿಂದ ಇನ್ನೊಂದಕ್ಕೆ ಹೋಗಬಹುದು, ಇದು ಹಣೆಬರಹವಲ್ಲ. ನಂಬರ್ ನೋಡಿ ಗಾಬರಿಯಾಗಿ ಬೇಗ ಶುರು ಮಾಡುವುದರಿಂದಲೂ ಲಾಭವಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೇಗ ಶುರು ಮಾಡಿದವರೂ, ಲಕ್ಷಣ ನೋಡಿ ನಿಧಾನವಾಗಿ ಶುರು ಮಾಡಿದವರೂ ಬದುಕಿದ್ದು ಒಂದೇ ಸಮ. ತಯಾರಿ ಬೇಗ, ಶುರು ನಿಧಾನ.

ಡಾಕ್ಟರ ಹತ್ತಿರ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಎದುರಿಗೆ ಕೂತಾಗ ಮರೆತುಹೋಗುತ್ತದೆ. ಡಯಾಲಿಸಿಸ್ ಶುರುವಾಗಿ ಒಂದೂವರೆ ವರ್ಷ ಆದಮೇಲೆ ನಾನೂ ಅತ್ತಿಗೆಗೆ ಒಂದು ಹಾಳೆಯಲ್ಲಿ ಐದು ಬರೆದುಕೊಟ್ಟಿದ್ದೆ: ನನ್ನ ಇಜಿಎಫ್‌ಆರ್ ಹೇಗೆ ಇಳಿಯುತ್ತಾ ಬಂತು, ವಾರಕ್ಕೆ ಎರಡೇ ಯಾಕೆ, ಹೊಟ್ಟೆಯ ಡಯಾಲಿಸಿಸ್ ನನಗೆ ಆಗುತ್ತಾ, ಇಲ್ಲಿ ಅದನ್ನು ಕಲಿಸುವವರು ಇದ್ದಾರಾ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಆರನೆಯದನ್ನು ಅತ್ತಿಗೆ ತಾವೇ ಪೆನ್ಸಿಲ್‌ನಲ್ಲಿ ಕೆಳಗೆ ಸೇರಿಸಿದ್ದರು: ಕಸಿಯ ಬಗ್ಗೆ ನನಗೆ ಇಲ್ಲಿಯವರೆಗೆ ಯಾರೂ ಯಾಕೆ ಹೇಳಲಿಲ್ಲ?

ಡಾಕ್ಟರು ಅದನ್ನು ಓದಿ ಫೈಲನ್ನು ಹಿಂದಕ್ಕೆ ತಿರುವಿ ನೋಡಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಚೀಟಿ ಎಳೆದುಕೊಂಡು, ಮನೆಯಲ್ಲಿ ಯಾರ್‍ಯಾರು ಇದ್ದೀರಿ, ಎಲ್ಲರ ರಕ್ತದ ಗುಂಪು ಏನು ಅಂತ ಕೇಳಲು ಶುರು ಮಾಡಿದರು.